ಸಮುದ್ರಕ್ಕೊಂದು ಲಗೇಜ್ ಟಿಕೇಟು

ನಮ್ಮ ಅತ್ಯಾ ಒಮ್ಮೆ ಸಮುದ್ರವನ್ನು ಬಸ್ಸಿನಲ್ಲಿ ಹಾಕಿಕೊಂಡು ಕಮಲಾಪುರಕ್ಕೆ ಒಯ್ದಿದ್ದಳು. ನಗಬೇಡಿ! ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೇಟನ್ನೂ ಹರಿದು ಕೊಟ್ಟಿದ್ದ. ಬೇಕಾದರೆ ನಾನೇ ಸಾಕ್ಷಿ. ಆ ಸಮುದ್ರದ ಅರ್ಧ ಭಾಗ ಕಲಬುರ್ಗಿಯಿಂದ ಕಮಲಾಪುರದವರೆಗೆ ನನ್ನ ತೊಡೆಯ ಮೇಲೇ ಕೂತಿತ್ತು.

ಅತ್ಯಾ ಎಂದರೆ ಅಪ್ಪನ ತಂಗಿ. ಹೆಸರು ಹೇಳುವ ಧೈರ್ಯ ನನಗಿಲ್ಲ. ಅವಳ ಕೈಯಲ್ಲಿ ಭೂಗೋಳ ಕಲಿತವರು ಈಗ ಊರಿನ ಎಲ್ಲ ಕಚೇರಿಗಳ ಎಲ್ಲ ಮೇಜುಗಳ ಹಿಂದೆ ಕೂತಿದ್ದಾರೆ. ನಾಳೆ ನನ್ನ ರೇಷನ್ ಕಾರ್ಡಿನ ಗತಿ ಏನು? ಬ್ರಹ್ಮಪುರದಲ್ಲಿ ನಮ್ಮ ಮನೆ, ಅದರಾಚೆಯ ಓಣಿಯಲ್ಲಿ ಅವಳ ಮನೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕಮಲಾಪುರದ ಹೈಸ್ಕೂಲಿಗೆ ಹೋಗಿ ಪಾಠ ಮಾಡಿ ಸಂಜೆಗೆ ಮರಳುತ್ತಿದ್ದಳು. ಅವಳು ಹೋದದ್ದೂ ಬಂದದ್ದೂ ಯಾರಿಗೂ ಹೇಳಬೇಕಾಗಿರಲಿಲ್ಲ. ಅಂಥ ದನಿ! ಬಾಗಿಲಲ್ಲಿ ನಿಂತು ಹಾಲಿನವನನ್ನು ಕೂಗಿದರೆ ನಮ್ಮ ಓಣಿಯ ಹಾಲಿನವನ ಜೊತೆಗೆ ಶಹಾಬಜಾರದ ಹಾಲಿನವನೂ ಬಂದು ನಿಲ್ಲುತ್ತಿದ್ದ. ಅವಳ ಗಂಡ, ನಮ್ಮ ಮಾಮಾ, ನೀರಾವರಿ ಇಲಾಖೆಯಲ್ಲಿ ಗುಮಾಸ್ತರು. ಅವರಿಗೆ ಮಾತು ಬರುತ್ತದೆ ಎನ್ನುವುದು ನನಗೆ ತಿಳಿದದ್ದೇ ನಾನು ಹೈಸ್ಕೂಲಿಗೆ ಬಂದ ಮೇಲೆ. ಅಲ್ಲಿಯವರೆಗೆ ಅವರ ಪಾಲಿನ ಮಾತನ್ನೂ ಅತ್ಯಾನೇ ಆಡಿ ಮುಗಿಸುತ್ತಿದ್ದಳು.

ಅತ್ಯಾನ ತಲೆಯಲ್ಲಿ ಒಂದು ಹುಳ ಇತ್ತು. ಪಾಠವನ್ನು ಬರೀ ಬಾಯಲ್ಲಿ ಹೇಳಬಾರದು, ತೋರಿಸಬೇಕು, ಕೇಳಿಸಬೇಕು!

"ನಾ ಹೇಳಿದ್ದು ಹುಡುಗರ ಕಿವಿಯಾಗ ಒಂದು ತಾಸು ಇರ್ತದ. ಕಣ್ಣಿಲೆ ನೋಡಿದ್ದು ಮದವಿ ಆಗಿ ಮಕ್ಕಳಾದ್ರೂ ಇರ್ತದ," ಎನ್ನುತ್ತಿದ್ದಳು.

ಹಾಗಾಗಿ ನಮ್ಮ ಮನೆಗಳಲ್ಲಿ ಯಾವ ಕಾಗದಕ್ಕೂ ದೀರ್ಘಾಯುಷ್ಯ ಇರಲಿಲ್ಲ. ಕ್ಯಾಲೆಂಡರಿನ ಬೆಟ್ಟ, ಬೆಂಕಿಪೊಟ್ಟಣದ ಒಂಟೆ, ಮದುವೆ ಪತ್ರಿಕೆಯ ಮೇಲಿನ ಆನೆ, ಎಲ್ಲವೂ ಕತ್ತರಿಗೆ ಆಹುತಿಯಾಗಿ ಕಮಲಾಪುರಕ್ಕೆ ಹೋಗುತ್ತಿದ್ದವು. ಬೆಳಗಿನ ಪತ್ರಿಕೆ ಮಾಮಾನ ಕೈಗೆ ಬರುವ ಹೊತ್ತಿಗೆ ಅದರಲ್ಲಿ ನಾಲ್ಕಾರು ಕಿಟಕಿಗಳು ತೆರೆದಿರುತ್ತಿದ್ದವು. ಪಾಪ, ಮಾಮಾ ಆ ಕಿಟಕಿಗಳಿಂದ ಬೀದಿ ನೋಡುತ್ತ ಚಹಾ ಕುಡಿಯುತ್ತಿದ್ದರು.

ನಾನು ಸಣ್ಣವಳಿದ್ದಾಗ, ಎಂಬತ್ತರ ದಶಕದಲ್ಲಿ, ಮನೆಗೆ ಟೇಪ್ ರೆಕಾರ್ಡರ್ ಬಂತು. ಎಲ್ಲರ ಮನೆಯಲ್ಲಿ ಅದು ಹಾಡು ಹೇಳಿದರೆ ಅತ್ಯಾನ ಮನೆಯಲ್ಲಿ ಅದು ಪಾಠ ಕೇಳಬೇಕಾಯಿತು. ಮಳೆಗಾಲದ ಪಾಠಕ್ಕೆ ಅವಳಿಗೆ ಮಳೆಯ ಸಪ್ಪಳ ಬೇಕಿತ್ತು. ಕಲಬುರ್ಗಿಯಲ್ಲಿ ಕರೆದಾಗ ಮಳೆ ಬರುತ್ತದೆಯೇ? ಅತ್ಯಾ ಕಾಯುವವಳಲ್ಲ. ಅಜ್ಜಿಯ ಕೈಗೆ ಒಂದು ಸೇರು ಜೋಳ ಕೊಟ್ಟು ಸ್ಟೀಲಿನ ಪರಾತದ ಮೇಲೆ ಮೆಲ್ಲಗೆ ಸುರಿಯಲು ಹೇಳಿದಳು. ಅದು ಮಳೆ. ನನ್ನ ಕೈಗೆ ತಗಡಿನ ಟ್ರಂಕು ಕೊಟ್ಟು ಗುದ್ದಲು ಹೇಳಿದಳು. ಅದು ಗುಡುಗು. ಎಲ್ಲ ಚೆನ್ನಾಗಿ ನಡೆದಿತ್ತು. ಮಳೆ ಜೋರಾಯಿತು, ಗುಡುಗು ಏರಿತು. ಆಗ ಒಳಗಿನ ಕೋಣೆಯಿಂದ ಅಜ್ಜ ಗರ್ಜಿಸಿದರು:

"ಏ, ಜ್ವಾಳ ಯಾಕ ಚೆಲ್ಲಲಿಕ್ಕ ಹತ್ತೀರಿ? ಪುಕ್ಕಟ ಬಂದದ ಏನು?"

ಅಳಿಸುವುದು ಹೇಗೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕಮಲಾಪುರದ ಮಕ್ಕಳು ಮಳೆ ಕೇಳಿದರು, ಗುಡುಗು ಕೇಳಿದರು, ಆಮೇಲೆ ಮೋಡದೊಳಗಿನಿಂದ ಜೋಳದ ಲೆಕ್ಕ ಕೇಳುವ ದನಿಯನ್ನೂ ಕೇಳಿದರು. ಹಿಂದಿನ ಬೆಂಚಿನವನೊಬ್ಬ ಎದ್ದು ಕೈಮುಗಿದನಂತೆ! ಪರೀಕ್ಷೆಯಲ್ಲಿ 'ಮಳೆ ಏಕೆ ಬರುವುದಿಲ್ಲ?' ಎಂಬ ಪ್ರಶ್ನೆಗೆ 'ಜೋಳ ಚೆಲ್ಲುವುದರಿಂದ' ಎಂದು ಬರೆದವರೂ ಇದ್ದರು. ಅತ್ಯಾ ಅರ್ಧ ಮಾರ್ಕು ಕೊಟ್ಟಿದ್ದಳು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಹೊಸ ಶತಮಾನ ಬಂತು, ಅದರ ಜೊತೆ ಕಲಬುರ್ಗಿಗೆ ಇಂಟರ್ನೆಟ್ ಬಂತು. ನಾನು ಆಗ ಬಿ.ಕಾಂ. ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಒಂದು ಭಾನುವಾರ ಅತ್ಯಾ ಬಂದು ನಮ್ಮ ಬಾಗಿಲಲ್ಲಿ ನಿಂತಳು. ಓಣಿಯ ನಾಯಿಗಳೆಲ್ಲ ಎದ್ದವು.

"ಪೋರಿ, ಆ ಇಂಟರ್ನೆಟ್ಟಿನ್ಯಾಗ ಜ್ವಾಲಾಮುಖಿ ಸಿಗ್ತದೇನು?"

"ಎಲ್ಲಾ ಸಿಗ್ತದ ಅತ್ಯಾ."

"ಹಂಗಾದ್ರ ನಡಿ, ಒಂದು ತರೋಣು," ಎಂದಳು, ಬಜಾರದಿಂದ ಕೊತ್ತಂಬರಿ ತರುವವಳ ಹಾಗೆ. ಕೈಯಲ್ಲಿ ಚೀಲ ಬೇರೆ!

ಸೂಪರ್ ಮಾರ್ಕೆಟ್ಟಿನ ಹತ್ತಿರ ಒಂದು ನೆಟ್ ಸೆಂಟರ್ ಇತ್ತು. ಆಗಿನ ನೆಟ್ ಸೆಂಟರುಗಳು ನಿಮಗೆ ನೆನಪಿರಬೇಕು. ಸಾಲಾಗಿ ಸಣ್ಣ ಸಣ್ಣ ಗೂಡುಗಳು, ಒಂದೊಂದಕ್ಕೂ ಒಂದೊಂದು ಪರದೆ, ಪರದೆಯ ಕೆಳಗೆ ಬರೀ ಚಪ್ಪಲಿಗಳು. ಅತ್ಯಾ ಒಳಗೆ ಕಾಲಿಟ್ಟು ಒಮ್ಮೆ ನೋಡಿದಳು.

"ಅಗಬಾಯಿ! ಓದೂ ಜಾಗಾದಾಗ ಪರದಾ ಯಾಕ್ರೀ? ಗಾಳಿ ಬ್ಯಾಡೇನು ಹುಡುಗರಿಗೆ?" ಎಂದವಳೇ ಈ ತುದಿಯಿಂದ ಆ ತುದಿಯವರೆಗೆ ಸರ್ರ್ ಸರ್ರ್ ಎಂದು ಎಲ್ಲ ಪರದೆಗಳನ್ನೂ ಎಳೆದುಬಿಟ್ಟಳು.

ಒಳಗಿದ್ದ ತರುಣರು ಎದ್ದ ರಭಸ ನೋಡಬೇಕಿತ್ತು! ಒಬ್ಬ ಕುರ್ಚಿ ಕೆಡವಿದ, ಒಬ್ಬ ಪ್ಲಗ್ಗನ್ನೇ ಕಿತ್ತ. ಮೂರನೆಯವನ ಹಣೆಬರಹ ಕೆಟ್ಟಿತ್ತು. ಅವನು ಕಮಲಾಪುರದ ಹಳೆಯ ವಿದ್ಯಾರ್ಥಿ. ಅಭ್ಯಾಸಬಲದಿಂದ ನೆಟ್ಟಗೆ ಎದ್ದು ನಿಂತು, "ನಮಸ್ಕಾರ್ರೀ ಟೀಚರ್!" ಎಂದುಬಿಟ್ಟ.

"ಏನ್ ನೋಡ್ಲಿಕ್ಕ ಹತ್ತಿದ್ದಿ?"

"ಜನರಲ್... ಜನರಲ್ ನಾಲೆಜ್ ರೀ," ಎಂದು ಇಡೀ ಮೈಯಿಂದ ಕಂಪ್ಯೂಟರನ್ನು ಮುಚ್ಚಿಕೊಂಡ.

ಅಂಗಡಿಯ ಮಾಲೀಕ ಓಡಿ ಬಂದ. ಕುರುಚಲು ಗಡ್ಡದ, ಸಾಧು ಸ್ವಭಾವದ ಮನುಷ್ಯ. ಎಲ್ಲರೂ ಅವನನ್ನು ಭಾಯಿ ಎನ್ನುತ್ತಿದ್ದರು. "ಅರೆ ಅಮ್ಮಾ, ಇದೇನ್ ಮಾಡ್ತೀರಿ? ಗಿರಾಕಿ ಲೋಗ್ ನಾರಾಜ್ ಆಗ್ತಾರ್ರೀ!"

"ನಾನೂ ಗಿರಾಕಿನೇ. ನನಗೊಂದು ಜ್ವಾಲಾಮುಖಿ ಬೇಕು," ಎಂದಳು ಅತ್ಯಾ.

ಭಾಯಿ ಗಡ್ಡ ಕೆರೆದುಕೊಂಡ. ಅಂಥ ಬೇಡಿಕೆ ಅವನಿಗೆ ಮೊದಲ ಬಾರಿ ಬಂದಿತ್ತು.

ಆಗ ಒಂದು ಚಿತ್ರ ಇಳಿಯಬೇಕೆಂದರೆ ಸುಮ್ಮನೆಯೇ? ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆ ಬರಬೇಕು. ಮೊದಲು ಆಕಾಶ ಬಂತು. ಬಹಳ ಹೊತ್ತು ಬರೀ ಆಕಾಶವೇ ಬಂತು. ಅಷ್ಟರಲ್ಲಿ ಅತ್ಯಾ ಸುಮ್ಮನೆ ಕೂತಾಳೆಯೇ? ಭೂಮಿಯ ಹೊಟ್ಟೆಯಲ್ಲಿ ಏನೇನು ಕುದಿಯುತ್ತದೆ ಎಂದು ಇಡೀ ನೆಟ್ ಸೆಂಟರಿಗೆ ಪಾಠ ಶುರುಮಾಡಿದಳು. ಓಡಿಹೋಗಬೇಕೆಂದಿದ್ದ ತರುಣರೂ ನಿಂತರು, ಭಾಯಿಯೂ ನಿಂತ, ಪಕ್ಕದ ಅಂಗಡಿಯ ದರ್ಜಿ ಟೇಪು ಕೊರಳಲ್ಲಿ ಹಾಕಿಕೊಂಡೇ ಬಂದು ನಿಂತ. ಕೊನೆಗೆ ಬೆಟ್ಟ ಬಂತು. ಬೆಟ್ಟದ ಮೇಲೆ ತಣ್ಣನೆಯ ಹಿಮ ಬಂತು. ಬುಡದಲ್ಲಿ, ಎಲ್ಲರೂ ಉಸಿರು ಹಿಡಿದು ನೋಡುತ್ತಿರುವಾಗ, ಒಂದು ಜೋಡಿ ಕೈ ಕೈ ಹಿಡಿದು ನಗುತ್ತ ಬಂತು!

"ಇದು ಜ್ವಾಲಾಮುಖಿ ಅಲ್ಲ, ಹನಿಮೂನು. ತಗೀ ಇದನ್ನ!" ಎಂದಳು ಅತ್ಯಾ.

ಅಂದಿನಿಂದ ಪ್ರತಿ ಭಾನುವಾರ ಅದೇ ಕೆಲಸ. ಆರಿಸುವುದರಲ್ಲಿ ಅವಳಷ್ಟು ನಿಷ್ಠುರಳನ್ನು ನಾನು ಕಂಡಿಲ್ಲ. ನಾನು ಬೆವರು ಸುರಿಸಿ ಇಪ್ಪತ್ತು ಚಿತ್ರ ಹುಡುಕಿ ಕೊಟ್ಟರೆ ಅಕ್ಕಿಯಲ್ಲಿ ಕಲ್ಲು ತೆಗೆದಂತೆ ಒಂದೊಂದನ್ನೇ ಎತ್ತಿ ಬಿಸಾಡುತ್ತಿದ್ದಳು. ಇದು ಚಂದ ಅದ, ಆದರೆ ಸುಳ್ಳು. ಇದು ಖರೆ ಅದ, ಆದರೆ ಹುಡುಗರಿಗೆ ತಿಳಿಯೋದಿಲ್ಲ. ಇದು ಯಾವ ಊರಿನದು ಅಂತ ಬರದಿಲ್ಲ, ಬ್ಯಾಡ. ಕೊನೆಗೆ ಉಳಿಯುತ್ತಿದ್ದದ್ದು ಒಂದೋ ಎರಡೋ.

"ಇಷ್ಟೆಲ್ಲಾ ಅದಾವಲ್ಲ ಅತ್ಯಾ, ಎಲ್ಲಾ ತೋರಿಸಿಬಿಡು," ಎಂದೆ ಒಮ್ಮೆ ಸಿಟ್ಟಿನಲ್ಲಿ.

"ಯಾಕ, ಮದವಿ ಊಟ ಏನು? ಎಲ್ಲಾ ಬಡಿಸಿದ್ರ ಹುಡುಗರು ಏನ್ ತಿಂದೆವು ಅನ್ನೋದು ಮರೀತಾರ."

ಆರಿಸಿದ ಚಿತ್ರಗಳು, ಭಾಯಿಯ ಪ್ರಿಂಟರಿನಿಂದ ಕಾಗದಕ್ಕೆ ಇಳಿದು ಕಮಲಾಪುರಕ್ಕೆ ಹೋಗುವವರೆಗೆ, ಫ್ಲಾಪಿಯಲ್ಲಿ ಕೂಡುತ್ತಿದ್ದವು. ಆ ಫ್ಲಾಪಿಗಳನ್ನು ಅವಳು ಅಡುಗೆಮನೆಯ ಅಟ್ಟದ ಮೇಲೆ ಹಪ್ಪಳದ ಡಬ್ಬಿಯಲ್ಲಿ ಇಡುತ್ತಿದ್ದಳು, ತೇವ ತಾಕಬಾರದೆಂದು. ದಸರೆಯಲ್ಲಿ ಖಂಡೇ ಪೂಜೆ ಬಂತು. ಮನೆಯ ಕತ್ತಿ, ಈಳಿಗೆ, ಮಾಮಾನ ಪೆನ್ನುಗಳ ಜೊತೆ ಫ್ಲಾಪಿಗಳೂ ದೇವರ ಮುಂದೆ ಬಂದವು. ಮಾಮಾ ಭಕ್ತಿಯಿಂದ ಒಂದೊಂದರ ಮೇಲೂ ಅರಿಷಿಣ ಕುಂಕುಮ ಏರಿಸಿದರು. ಅದೂ ಮೇಲೆ ಏರಿಸಿದರೆ ಸಾಕಿತ್ತು. ಆ ತಗಡಿನ ಬಾಗಿಲು ಸರಿಸಿ ಒಳಗೂ ಏರಿಸಿದರು! ದೇವರ ಕೃಪೆ ಎಷ್ಟು ಆಳಕ್ಕೆ ಇಳಿಯಿತೆಂದರೆ ಮರುದಿನ ಭಾಯಿಯ ಕಂಪ್ಯೂಟರು ಕೆಮ್ಮುತ್ತ ಕೆಮ್ಮುತ್ತ ಹಳದಿ ಪುಡಿ ಉಗುಳಿತು. ಒಂದು ತಿಂಗಳ ಭೂಗೋಳ ಅಲ್ಲಿಗೆ ಮುಗಿಯಿತು. ಮಾಮಾ ಒಂದು ವಾರ ಅತ್ಯಾನ ಕಣ್ಣಿಗೆ ಬೀಳದ ಹಾಗೆ ಮನೆಯಲ್ಲಿದ್ದರು. ಆ ಸಣ್ಣ ಮನೆಯಲ್ಲಿ ಅದು ಹೇಗೆ ಸಾಧ್ಯವಾಯಿತೋ!

ಅತ್ಯಾ ಫ್ಲಾಪಿಯ ಸಹವಾಸ ಬಿಟ್ಟು ಕಂಪ್ಯೂಟರನ್ನೇ ತರಿಸಿದಳು. ಮಾಮಾ ಬಹಳ ದಿನದಿಂದ ಒಂದು ಸ್ಕೂಟರಿನ ಆಸೆ ಇಟ್ಟುಕೊಂಡಿದ್ದರು. ಮನೆಗೆ ಬಂದದ್ದು ಭಾಯಿ ಅಲ್ಲಿ ಇಲ್ಲಿ ಭಾಗಗಳನ್ನು ಹೊಂದಿಸಿ ಕಟ್ಟಿಕೊಟ್ಟ ಹಳೆಯ ಕಂಪ್ಯೂಟರು. ಮಾಮಾ ಅದರ ಮುಂದೆ ಕೂತಾಗಲೆಲ್ಲ ಮೌಸನ್ನು ಹಿಡಿದು ಸ್ಕೂಟರಿನ ಹಿಡಿಕೆ ತಿರುವಿದ ಹಾಗೆ ಒಮ್ಮೆ ತಿರುವಿ, ಯಾರಾದರೂ ನೋಡಿದರೇನೋ ಎಂದು ಬಿಟ್ಟುಬಿಡುತ್ತಿದ್ದರು.

ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು! ಸರ್ಕಾರದಿಂದ ಬಂದದ್ದು, ಹೊಚ್ಚಹೊಸದು. ಹೆಡ್ ಮಾಸ್ತರರ ಕೋಣೆಯ ಪಕ್ಕದ ಕೋಣೆಯಲ್ಲಿ ಪ್ಲಾಸ್ಟಿಕ್ಕಿನ ಮುಸುಕು ಹೊದ್ದು, ಉದ್ಘಾಟನೆಯ ದಿನದ ಹಾರ ಹಾಕಿಕೊಂಡೇ ಕೂತಿತ್ತು. ಹಾರದ ಹೂವು ಒಣಗಿ ದಾರ ಉಳಿದಿತ್ತು. ಬಾಗಿಲಿಗೆ ಬೀಗ, ಕೀಲಿ ಹೆಡ್ ಮಾಸ್ತರರ ಸೊಂಟದಲ್ಲಿ. ಅವರು ಕೆಟ್ಟವರಲ್ಲ, ಹೆದರಿಕೆಯವರು.

"ಟೀಚರ್, ಸರ್ಕಾರದ ಸಾಮಾನರೀ. ಮುಟ್ಟಿದ್ರ ಕೆಡ್ತದ."

"ಮುಟ್ಟದಿದ್ರ?"

"ಮುಟ್ಟದಿದ್ರ ಯಾಕ ಕೆಡ್ತದರೀ?"

ಅದಕ್ಕೆ ಅತ್ಯಾ ಕೊಟ್ಟ ಉತ್ತರ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಕೇಳಿಸಿತಂತೆ. ಆದರೆ ಕೀಲಿ ಮಾತ್ರ ಸೊಂಟ ಬಿಟ್ಟು ಬರಲಿಲ್ಲ.

ಆ ವಾರ ಎಂಟನೆಯ ತರಗತಿಗೆ ಸಮುದ್ರದ ಪಾಠ. ಅಲೆ ಎಂದರೆ ಏನು ಎಂದು ಕೇಳಿದರೆ ಒಬ್ಬ ಹುಡುಗಿ, "ಬಾವ್ಯಾಗ ಕೊಡಾ ಬಿಟ್ಟಾಗ ಆಗ್ತದಲ್ರೀ, ಅದು," ಎಂದಿದ್ದಳಂತೆ. ಅತ್ಯಾಗೆ ಆ ಮಾತು ಮನೆಯವರೆಗೂ ಬೆನ್ನು ಹತ್ತಿ ಬಂತು. ಭಾಯಿಯ ಒಂದು ಸೀಡಿಯಲ್ಲಿ ಅಲೆಗಳು ಬಂದು ದಂಡೆಗೆ ಬಡಿಯುವ ಸಣ್ಣ ತುಣುಕು ಸಿಕ್ಕಿತು. ಅದನ್ನು ಮನೆಯ ಕಂಪ್ಯೂಟರಿಗೆ ಹಾಕಿಸಿದಳು. ಆಮೇಲೆ ಕಂಪ್ಯೂಟರನ್ನೇ ಎತ್ತಿ ಬಸ್ಸಿಗೆ ಹಾಕಿದಳು!

ಮಾನಿಟರು ಅವಳ ಪಕ್ಕದ ಸೀಟಿನಲ್ಲಿ, ಹಳೆಯ ಕೌದಿಯಲ್ಲಿ ಸುತ್ತಿಕೊಂಡು. ಸಿಪಿಯು ಡಬ್ಬ ನನ್ನ ತೊಡೆಯ ಮೇಲೆ. ಕಂಡಕ್ಟರ್ ಬಂದು ಕೌದಿ ಮುಟ್ಟಿ ನೋಡಿದ.

"ಇದೇನ್ರೀ ಟೀಚರ್, ಟಿ.ವಿ. ಏನು?"

"ಸಮುದ್ರ."

"ಯಾವ ಊರಾಗ ಇಳೀತದ್ರೀ?"

"ನನ್ನ ಜೋಡಿ, ಕಮಲಾಪುರದಾಗ."

ಅವನು ಲಗೇಜ್ ಟಿಕೇಟು ಹರಿದು ಕೌದಿಯೊಳಗೆ ಸಿಕ್ಕಿಸಿದ. "ಕಿಡಕಿ ಕಡೆ ಹಿಡೀರಿ, ಚೆಲ್ಲೀತು!" ಎಂದು ಮುಂದೆ ಹೋದ. ಇಡೀ ಬಸ್ಸು ನಕ್ಕಿತು. ಅತ್ಯಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ತರಗತಿಯಲ್ಲಿ ತಂತಿಗಳನ್ನೆಲ್ಲ ಜೋಡಿಸಿ ನಾನು ಗುಂಡಿ ಒತ್ತಿದೆ. ಸಮುದ್ರ ಬಂತು. ಆದರೆ ಹಳದಿ ಬಂತು! ದಾರಿಯ ಕುಲುಕಾಟಕ್ಕೆ ಯಾವುದೋ ತಂತಿ ಸಡಿಲಾಗಿ ನೀಲಿ ಬಣ್ಣವೇ ಹೊರಟುಹೋಗಿತ್ತು. ಮಕ್ಕಳಿಗೇನು ಗೊತ್ತು? ಬಾಯಿ ಬಿಟ್ಟು ನೋಡಿದರು. "ಬ್ಯಾಳಿ ಸಾರಿನಂಗ ಅದಲೇ!" ಎಂದ ಒಬ್ಬ. ನನಗೆ ಅಳು ಬರುವುದೊಂದು ಬಾಕಿ. ಅತ್ಯಾ ಎದ್ದು ಬಂದು ಮಾನಿಟರಿನ ಬೆನ್ನಿಗೆ ಅಂಗೈಯಿಂದ ಒಂದು ಕೊಟ್ಟಳು. ತಪ್ಪು ಉತ್ತರ ಹೇಳಿದವರ ಬೆನ್ನಿಗೆ ಕೊಡುತ್ತಿದ್ದಳಲ್ಲ, ಅದೇ ಏಟು. ಸಮುದ್ರ ತಟ್ಟನೆ ನೀಲಿಯಾಯಿತು! ಟೀಚರ್ ಹೊಡೆದರೆ ಸಮುದ್ರವೂ ಬಣ್ಣ ಬದಲಿಸುತ್ತದೆ ಎಂದು ತಿಳಿದ ಆ ತರಗತಿ ವರ್ಷವಿಡೀ ಮನೆಪಾಠ ತಪ್ಪಿಸಲಿಲ್ಲ.

ಅಲೆ ಬಂತು, ಹೋಯಿತು, ಮತ್ತೆ ಬಂತು. ಹದಿನಾಲ್ಕು ಇಂಚಿನ ಪರದೆ; ಒಂದೊಂದೇ ಸಾಲಿನವರು ಬಂದು ನೋಡಿ ಹೋದರು. ಬಾವಿಯ ಅಲೆಯ ಹುಡುಗಿ ಮಾತ್ರ ಮುಂದೆ ಬಂದವಳು ಸರಿಯಲಿಲ್ಲ. ಮಾನಿಟರಿನ ಹಿಂದೆ ಇಣುಕಿ ನೋಡಿದಳು.

"ಏನ್ ಹುಡುಕ್ತಿ?" ಎಂದಳು ಅತ್ಯಾ.

"ಇದರ ಆಚೀ ದಂಡಿ ಎಲ್ಲಿ ಅದರೀ ಟೀಚರ್?"

"ಅದು ಯಾರಿಗೂ ಕಾಣೂದಿಲ್ಲ ಮಗಾ."

"ಅಂದ್ರ ಅಲ್ಲಿ ನಿಂತವರಿಗೆ ನಾವೂ ಕಾಣೂದಿಲ್ಲೇನ್ರೀ?"

ಅತ್ಯಾ ಮರಳುವ ಬಸ್ಸಿನಲ್ಲಿ ಮಾತೇ ಆಡಲಿಲ್ಲ. ಅವಳಿಗೆ ಸುಮ್ಮನಿರುವುದು ಬರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು.

ಮುಂದಿನ ವರ್ಷ ಅವಳ ದನಿ ಒಡೆಯಿತು. ಮೊದಮೊದಲು ನೆಗಡಿ ಎಂದಳು. ಆಮೇಲೆ ಸೀಮೆಸುಣ್ಣದ ಪುಡಿ ಎಂದಳು. ಶುಂಠಿ, ಜ್ಯೇಷ್ಠಮಧು, ಅಜ್ಜಿಯ ಕಷಾಯ ಎಲ್ಲ ಆದವು. ಹಾಲಿನವನು ಒಮ್ಮೆ ಕರೆದರೆ ಬರುವುದು ನಿಂತಿತು. ಕೊನೆಗೆ ಮಾಮಾ ಅವಳನ್ನು ಸೊಲ್ಲಾಪುರಕ್ಕೆ ಕರೆದೊಯ್ದರು. ಧ್ವನಿತಂತುವಿನ ಮೇಲೆ ಗಂಟಾಗಿದೆ ಎಂದರು ಡಾಕ್ಟರು. ಸಣ್ಣ ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ತಿಳಿದ ದಿನ ಮಾಮಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. ಆದರೆ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದರು: ಕೆಲವು ತಿಂಗಳು ಒಂದಕ್ಷರವೂ ಆಡಬಾರದು, ಪಿಸುಮಾತೂ ಬೇಡ. ದನಿ ಮೊದಲಿನ ಹಾಗೆ ಬರುತ್ತದೆಂದು ಹೇಳಲಾಗದು. ಶಾಲೆಯನ್ನು ಬಿಟ್ಟರೆ ಒಳ್ಳೆಯದು.

ಮನೆಗೆ ಬಂದ ಅತ್ಯಾ ಒಂದು ಸ್ಲೇಟು ಹಿಡಿದು ಕೂತಳು. 'ಚಹಾ ಬೇಕು' ಎಂದು ಬರೆದು ಮಾಮಾನ ಮುಂದೆ ಹಿಡಿದಳು. ಮಾಮಾ ಬಳಪ ಇಸಿದುಕೊಂಡು ಅದರ ಕೆಳಗೆ ದುಂಡಗೆ ಬರೆದರು: 'ಸಕ್ಕರೆ ಎಷ್ಟು?'

ಅತ್ಯಾ ಸ್ಲೇಟು ಕಸಿದುಕೊಂಡು ಗೀಚಿದಳು: 'ನನಗ ಕಿವಿ ಕೇಳಸ್ತದ! ನಿಮಗ ಬಾಯಿ ಅದ!'

ಮಾಮಾ ಅಂದು ಬಾಯಿ ಬಿಟ್ಟರು ನೋಡಿ! ಮದುವೆಯಾದಾಗಿನಿಂದ ಒಳಗೆ ಕೂಡಿಟ್ಟದ್ದೆಲ್ಲ ಒಂದೊಂದಾಗಿ ಹೊರಗೆ ಬಂತು. ಅಡ್ಡ ಬಾಯಿ ಹಾಕುವವರೇ ಇಲ್ಲ!

"ಆ ಪೇಪರ್ ನಾ ಓದಿ ಆದಮ್ಯಾಲ ಕತ್ತರಸಬೇಕಿತ್ತು. ಕತ್ತರಿಸಿದಿ, ಹೋಗ್ಲಿ, ಅದೂ ಕ್ರಿಕೆಟಿನ ಸ್ಕೋರ್ ಹಿಂದಿನ ಪುಟಾನೇ ಕತ್ತರಸಬೇಕಿತ್ತೇನು?"

ಅತ್ಯಾ ನಗಬಾರದು, ಗಂಟಲಿಗೆ ತ್ರಾಸು. ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡುತ್ತ ಕೂತಳು. ನಗುತ್ತಿದ್ದಾಳೆ ಎಂದೇ ನಾವೆಲ್ಲ ತಿಳಿದಿದ್ದೆವು. ಸೆರಗು ತೆಗೆದಾಗ ಕಣ್ಣುಗಳು ಒದ್ದೆಯಾಗಿದ್ದವು. ಸ್ಲೇಟಿನ ಮೇಲೆ ಬರೆದಳು: 'ಪಾಠ ಹೆಂಗ ಮಾಡ್ಲಿ?'

ಮಾಮಾ ಅದನ್ನು ಓದಿದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು, "ನೀನೇ ಅಂತಿದ್ದಿಯಲ್ಲಾ, ಬಾಯಿಲೆ ಹೇಳಿದ್ದು ಒಂದು ತಾಸು ಇರ್ತದ ಅಂತ. ತೋರಸು. ಯಾರು ಬ್ಯಾಡ ಅಂದಾರ?"

ರಜೆ ಮುಗಿದು ಶಾಲೆಗೆ ಹೊರಡುವ ಹಿಂದಿನ ವಾರವೇ ಅತ್ಯಾ ನನ್ನನ್ನು ಕರೆದುಕೊಂಡು ಹೆಡ್ ಮಾಸ್ತರರ ಎದುರು ಹೋಗಿ ನಿಂತಳು. ದಿನಾ ಮನೆಯ ಕಂಪ್ಯೂಟರನ್ನು ಬಸ್ಸಿನಲ್ಲಿ ಹೊರುವುದು ಆಗದ ಮಾತು. ಹೆಡ್ ಮಾಸ್ತರರು ಮೊದಲೇ ತಯಾರಿದ್ದರು. "ಟೀಚರ್, ನಿಮಗ ಆಫೀಸಿನ ಕೆಲಸಕ್ಕ ಹಾಕಸ್ತೀನಿ. ಕಲಬುರ್ಗ್ಯಾಗೇ ಆಗ್ತದ, ದಿನಾ ಬಸ್ ಹತ್ತೂದೂ ತಪ್ಪತದ," ಎಂದರು. ಅತ್ಯಾ ಏನೂ ಬರೆಯಲಿಲ್ಲ. ಅವರ ಮುಂದೆ ಕೈ ಚಾಚಿ ನಿಂತಳು, ಅಷ್ಟೇ. ಹೆಡ್ ಮಾಸ್ತರರು ಸರ್ಕಾರದ ಸಾಮಾನು ಎಂದರು. ಅತ್ಯಾ ನಿಂತೇ ಇದ್ದಳು. ಕೆಟ್ಟರೆ ಯಾರು ಜವಾಬ್ದಾರಿ ಎಂದರು. ನಿಂತೇ ಇದ್ದಳು. ಹೆಡ್ ಮಾಸ್ತರರು ಕಿಟಕಿಯ ಕಡೆ ನೋಡಿದರು, ಗಡಿಯಾರದ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಸೊಂಟದಿಂದ ಕೀಲಿ ಬಿಚ್ಚಿ ಅವಳ ಅಂಗೈಯಲ್ಲಿಟ್ಟರು.

ಹೊರಗೆ ಬಂದು ನನಗೆ ಹೇಳಿದರು: "ಬೈದಿದ್ರ ತಡಕೋತಿದ್ದೆ ನೋಡವ್ವ. ಅದು ರೂಢಿ ಅದ. ಸುಮ್ಮನ ನಿಂತರಲಾ!"

ಮೊದಲ ದಿನದ ಪಾಠ ಮಣ್ಣಿನದು. ಭಾಯಿಯ ನೆಟ್ ಸೆಂಟರಿನಲ್ಲಿ ಆಗಲೇ ಒಂದು ಗೂಡಿನ ಪರದೆ ಕಾಯಂ ಆಗಿ ತೆಗೆದುಹಾಕಲಾಗಿತ್ತು. ಅದಕ್ಕೆ 'ಟೀಚರಮ್ಮನ ಜಾಗಾ' ಎಂದೇ ಹೆಸರು. ಅಲ್ಲಿ ಕೂತು ನಾನು ದೇಶ ವಿದೇಶದ ಕೆಂಪು ಮಣ್ಣಿನ ಚಿತ್ರಗಳನ್ನು ಹುಡುಕಿದೆ. ಅತ್ಯಾ ಒಂದೊಂದಕ್ಕೂ ತಲೆಯಾಡಿಸಿ ಬೇಡ ಎಂದಳು. ಕೊನೆಗೆ ಸ್ಲೇಟಿನ ಮೇಲೆ ಬರೆದಳು: 'ಕಮಲಾಪುರದ್ದೇ ಕೆಂಪು ಅದಲ್ಲ!'

ಹೌದಲ್ಲ! ಕಮಲಾಪುರದ ಕೆಂಪು ನೆಲ, ಅದರಲ್ಲಿ ಬೆಳೆಯುವ ಕೆಂಪು ಬಾಳೆಹಣ್ಣು. ಆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಮಾರುವವರ ಮುಂದೆಯೇ ಅತ್ಯಾ ದಿನಾ ಬಸ್ಸಿಳಿಯುತ್ತಿದ್ದಳು. ನಮ್ಮಿಬ್ಬರ ಮುಂದೆ ಇಡೀ ಜಗತ್ತು ತೆರೆದುಕೊಂಡಿತ್ತು, ಅದರಲ್ಲಿ ಅವಳು ಆರಿಸಿದ್ದು ಶಾಲೆಯ ಹಿಂದಿನ ತೋಟವನ್ನು. ಸ್ಟುಡಿಯೋದವನನ್ನು ಕರೆದೊಯ್ದು ಫೋಟೋ ತೆಗೆಸಿದೆವು. ಆ ಬಾವಿಯ ಅಲೆಯ ಹುಡುಗಿಯ ಅಪ್ಪನದೇ ತೋಟ. ಅವನು ಹೊಸ ರುಮಾಲು ಸುತ್ತಿಕೊಂಡು ಬಾಳೆಯ ಗಿಡದ ಪಕ್ಕದಲ್ಲಿ ನೆಟ್ಟಗೆ ನಿಂತ. ಫೋಟೋವನ್ನು ಭಾಯಿ ಸ್ಕ್ಯಾನ್ ಮಾಡಿದ. ಚಿತ್ರದ ಕೆಳಗೆ ಹಾಕಬೇಕಾದ ಸಾಲುಗಳನ್ನು ಅತ್ಯಾ ಬರೆದುಕೊಟ್ಟಳು, ನಾನು ಟೈಪ್ ಮಾಡಿದೆ. ಅವಳು ಬಾಯಲ್ಲಿ ಹೇಳುತ್ತಿದ್ದರೆ ಒಂದು ತಾಸು ಹಿಡಿಯುತ್ತಿದ್ದ ಪಾಠ ಎಂಟು ಸಾಲಿನಲ್ಲಿ ಬಂದು ಕೂತಿತ್ತು.

ಅವಳ ದನಿ ಆಮೇಲೆ ಮರಳಿತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪೂರ್ತಿ ಅಲ್ಲ, ಅರ್ಧ. ಸ್ವಲ್ಪ ಗೊಗ್ಗರು, ಸ್ವಲ್ಪ ಮೆತ್ತಗೆ. ನಿವೃತ್ತಿಯವರೆಗೂ ಅವಳು ಪಾಠ ಮಾಡಿದಳು. ಆದರೆ ನಾನು ಹೇಳಬೇಕೆಂದದ್ದು ಆ ಮೊದಲ ದಿನದ ಮಾತು.

ಆ ದಿನ ನಾನೂ ಹೋಗಿದ್ದೆ. ಕಂಪ್ಯೂಟರಿನ ಹಾರದ ದಾರ ಬಿಚ್ಚಿ, ಮುಸುಕು ತೆಗೆದು, ಮೇಜಿನ ಸಮೇತ ತರಗತಿಗೆ ತಂದೆವು. ಗುಂಡಿ ಒತ್ತಿ ನಾನು ಬಾಗಿಲಲ್ಲಿ ನಿಂತೆ. ಬೆಂಚುಗಳನ್ನೆಲ್ಲ ಮುಂದಕ್ಕೆ ಎಳೆದುಕೊಂಡು ಮಕ್ಕಳು ಒತ್ತೊತ್ತಾಗಿ ಕೂತಿದ್ದರು. ಪರದೆಯ ಮೇಲೆ ಕೆಂಪು ನೆಲ ಬಂತು, ಬಾಳೆ ಬಂತು, ಹೊಸ ರುಮಾಲಿನ ಅಪ್ಪ ಬಂದ. ಇನ್ನೇನು ಮಾಳಿಗೆ ಹಾರಿಹೋಗುವಂಥ ಗದ್ದಲ ಏಳುತ್ತದೆ ಎಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದೆ.

ಗದ್ದಲ ಏಳಲಿಲ್ಲ.

"ನಮ್ಮ ತ್ವಾಟಾ," ಎಂದಳು ಹುಡುಗಿ, ಪಕ್ಕದವಳ ಕಿವಿಯಲ್ಲಿ. "ಇಕಿ ಅಪ್ಪ ನೋಡ್ರಲೇ," ಎಂದ ಒಬ್ಬ, ಅಂಗೈಯಿಂದ ಬಾಯಿ ಮರೆಮಾಡಿಕೊಂಡು. ಎಂಟೂ ಸಾಲುಗಳನ್ನು ಮಕ್ಕಳು ನೋಟುಬುಕ್ಕಿನಲ್ಲಿ ಬರೆದುಕೊಂಡ ಮೇಲೆ ಅತ್ಯಾ ಕೋಲಿನಿಂದ ಮೊದಲ ಸಾಲು ತೋರಿಸಿದಳು. ಇಡೀ ತರಗತಿ ಓದಿತು. ಆದರೆ ಹೇಗೆ? ಒಣಗಿದ ಎಲೆಗಳ ಮೇಲೆ ಗಾಳಿ ಆಡಿದ ಹಾಗೆ, ಪಿಸುಪಿಸು ಎಂದು. ತರಗತಿ ಖಾಲಿ ಬಿದ್ದಿದೆ ಎಂದುಕೊಂಡು ಹೆಡ್ ಮಾಸ್ತರರು ಓಡಿ ಬಂದರು. ನನ್ನ ಪಕ್ಕದಲ್ಲಿ ನಿಂತು ಒಳಗೆ ಇಣುಕಿದರು.

ಅತ್ಯಾ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು: 'ಜೋರಾಗಿ ಓದಿರಿ.'

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ದನಿ ಎತ್ತಲಿಲ್ಲ. ಅತ್ಯಾ ಆ ಸಾಲಿನ ಕೆಳಗೆ ಗೆರೆ ಎಳೆದು ಬಳಪದಿಂದ ಕುಟ್ಟಿದಳು. ಆಗ ಆ ಹುಡುಗಿ ಎದ್ದು ಮುಂದೆ ಬಂದು, ಅತ್ಯಾನ ಸೆರಗು ಹಿಡಿದು ಬಗ್ಗಿಸಿಕೊಂಡು, ಕಿವಿಯಲ್ಲಿ ಹೇಳಿದಳು. ಅಷ್ಟು ಮೌನ ಇದ್ದದ್ದಕ್ಕೆ ಬಾಗಿಲಲ್ಲಿದ್ದ ನಮಗೂ ಅದು ಕೇಳಿಸಿತು.

"ಬ್ಯಾಡ್ರೀ ಟೀಚರ್. ನಾವು ಜೋರಾಗಿ ಓದಿದ್ರ ನಿಮಗೂ ಜೋರಾಗಿ ಮಾತಾಡಬೇಕು ಅನಸ್ತದ. ಆಮ್ಯಾಲ ನಿಮ್ಮ ಗಂಟಲಾ ನೋಯ್ತದ. ನಾವೆಲ್ಲಾರೂ ಮಾತಾಡಕೊಂಡೀವ್ರೀ, ನಿಮಗ ಆರಾಮ ಆಗೂತನಾ ಹಿಂಗೇ ಓದ್ತೀವಿ."

ಅತ್ಯಾ ಅವಳ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಬೆನ್ನು ತಿರುಗಿಸಿ ಕಂಪ್ಯೂಟರಿನ ಮುಂದೆ ಹೋಗಿ, ಪರದೆಯ ಹತ್ತಿರಕ್ಕೆ ಬಗ್ಗಿ, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಮತ್ತೆ ತೆಗೆದು ಒರೆಸಿ, ಬಹಳ ಹೊತ್ತು ನೋಡುತ್ತಲೇ ನಿಂತಳು. ಹಿಂದೆ ಮಕ್ಕಳು ನೋಟುಬುಕ್ಕು ನೋಡಿ ಮೆಲ್ಲಗೆ ಎರಡನೆಯ ಸಾಲು ಹೇಳುತ್ತಿದ್ದರು, ಮೂರನೆಯದು ಹೇಳುತ್ತಿದ್ದರು.

ಹೆಡ್ ಮಾಸ್ತರರು 'ಏನ್ ನೋಡ್ಲಾಕತ್ತಾರ್ರೀ ಟೀಚರು ಅಷ್ಟು?' ಎಂದು ನನ್ನನ್ನು ಕೇಳಿದರು. ಅವರೂ ಪಿಸುಮಾತಿನಲ್ಲೇ ಕೇಳಿದರು.

ನಾನು ಇಣುಕಿ ನೋಡಿದೆ. ಪರದೆಯ ಮೇಲೆ ಏನೂ ಇರಲಿಲ್ಲ. ಕರೆಂಟು ಹೋಗಿ ಆಗಲೇ ಬಹಳ ಹೊತ್ತಾಗಿತ್ತು.